ಗೃಹೋದ್ಯೋಗ: ಹೊಸ ಲೇತೋ, ಹಳೆಯ ಲೇತೋ?

ಬಿಡುವಿನ ವೇಳೆಯಲ್ಲಿ ಕಬ್ಬಿಣ ಹಿತ್ತಾಳೆಗಳನ್ನು ಕಡೆದು ಸಣ್ಣಪುಟ್ಟ ಯಂತ್ರಗಳನ್ನು ನಿರ್ಮಿಸಬೇಕೆಂಬ ಅಭಿರುಚಿಯುಳ್ಳ ಗೃಹಸ್ಥರು ನಮ್ಮಲ್ಲಿ ಇಲ್ಲದಿಲ್ಲ. ಅಂಥವರು ಮೊದಲು ಬಯಸುವುದು ಒಂದು ಲೇತ್ ಯಂತ್ರವನ್ನು. ಚನ್ನಪಟ್ಟಣದ ಕುಶಲಿಗಳು ಬೊಂಬೆಗಳನ್ನು ಕಡೆಯುವುದೂ ಇದೇ ತತ್ತ್ವದಿಂದ. ಆದರೆ ಅಲ್ಲಿ ಉಳಿಯನ್ನು ಹಿಡಿಯುವುದು ಕೈ, ಇಲ್ಲಿ ಯಂತ್ರ. ಆದುದರಿಂದ ಯಂತ್ರದಲ್ಲಿರುವ ದೋಷವೆಲ್ಲವೂ ಕೆಲಸಕ್ಕೆ ಇಳಿಯುವುದು. ಹಲವು ವರ್ಷಗಳ ಉಳಿತಾಯವನ್ನು ಒಂದೇ ದಿನ ತೆತ್ತುಬಿಡುವ ಈ ವ್ಯವಹಾರದಲ್ಲಿ ಅವಸರವು ಸಲ್ಲದು.

ಏನನ್ನು ಕಡೆಯಬೇಕೆಂಬುದನ್ನು ಮೊದಲು ನಿಶ್ಚಯಿಸತಕ್ಕದ್ದು. ಗಡಿಯಾರದ ಬಿಡಿಭಾಗಗಳಿಗೂ ಆಟದ ಉಗಿಯಂತ್ರಕ್ಕೂ ಮೇಜಿನ ಮೇಲೆ ನಿಲ್ಲುವ ಸಣ್ಣ ಲೇತೇ ಸಾಕು. ಸುಮಾರು 180 ಮಿಲಿಮೀಟರ್ ವ್ಯಾಸವನ್ನು ತಿರುಗಿಸಬಲ್ಲ ಇಂಥದು 40 ಕಿಲೋಗ್ರಾಮಿನ ಆಸುಪಾಸಿನಲ್ಲಿ ತೂಗುವುದು. ಮನೆಯ ವಿದ್ಯುತ್ತಿನಿಂದಲೇ ನಡೆಯುವುದು. ಹೊಸದಾದ ಕಾರಣ ಸವೆತವಿಲ್ಲ. ಆದರೆ ಅಗ್ಗದವುಗಳಲ್ಲಿ ಗೇರುಗಳು ಪ್ಲಾಸ್ಟಿಕ್ಕಿನವಾಗಿರುವುದುಂಟು; ಬೆಡ್ ಹಗುರವಾದುದರಿಂದ ಆಳವಾಗಿ ಕೊರೆದರೆ ನಡುಗುವುದೂ ಉಂಟು.

ಕಾರ್ಖಾನೆಗಳಿಂದ ಬರುವ ಹಳೆಯ ಲೇತುಗಳ ಗುಣ ಬೇರೆ. 1941ರಲ್ಲಿ ಹರಿಹರದಲ್ಲಿ ಪ್ರಾರಂಭವಾಗಿ ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದುಸ್ಥಾನ್ ಮೆಷೀನ್ ಟೂಲ್ಸ್ ಇವುಗಳ ಲೇತುಗಳು ಭಾರವಾದ ಎರಕದವು. ಸುಸ್ಥಿತಿಯಲ್ಲಿದ್ದರೆ ಸಣ್ಣ ಯಂತ್ರವು ಸರಿಗಟ್ಟಲಾರದು. ಆದರೆ ಅವನ್ನು ಮಹಡಿಗೆ ಏರಿಸುವಂತಿಲ್ಲ. ಮೋಟಾರು ಮೂರು ಫೇಸಿನದಾಗಿದ್ದರೆ ಅದನ್ನು ಬದಲಾಯಿಸುವ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಳೆಯದನ್ನು ನೋಡುವಾಗ ಹೊಸ ಬಣ್ಣಕ್ಕೆ ಮರುಳಾಗಬಾರದು. ಬೆಡ್ ಹೆಚ್ಚಾಗಿ ಸವೆಯುವುದು ಚಕ್ಕಿನ ಸಮೀಪದಲ್ಲಿ. ಅಲ್ಲಿ ಸ್ಯಾಡಲನ್ನು ತುಸು ಬಿಗಿಮಾಡಿ ಹಿಂದಕ್ಕೆ ಸರಿಸಿದಾಗ ಅದು ಬೆಡ್ಡಿನ ಕೊನೆಯಲ್ಲಿ ಸಿಕ್ಕಿಕೊಂಡರೆ ಸವೆತವಿದೆಯೆಂದು ತಿಳಿಯಬೇಕು. ಇದನ್ನು ಸರಿಪಡಿಸಲು ಬೆಡ್ಡನ್ನು ಮತ್ತೆ ಸಾಣೆ ಹಿಡಿಸಬೇಕಾಗುವುದು, ವೆಚ್ಚ ಬಹಳ. ಹಿಡಿಕೆಯನ್ನು ಹಿಂದುಮುಂದಾಗಿ ತಿರುಗಿಸುವಾಗ ಕಾಣುವ ಅಲ್ಪ ಸಡಿಲು ಅಷ್ಟು ಭಯಪಡತಕ್ಕದ್ದಲ್ಲ. ನಟ್ಟನ್ನು ಬದಲಿಸಿದರೆ ಬಹುಮಟ್ಟಿಗೆ ಹೋಗುವುದು. ಬಳಿಕ ಯಂತ್ರವನ್ನು ಅರ್ಧ ಗಂಟೆ ಓಡಿಸಿ, ಬೇರಿಂಗು ವಿಪರೀತ ಕಾಯುವುದೇ, ಗೇರುಗಳಲ್ಲಿ ಹಲ್ಲು ಮುರಿದ ಸದ್ದಿದೆಯೇ ಎಂದು ಪರೀಕ್ಷಿಸಬೇಕು. ಕಡೆಗೆ ದಪ್ಪನೆಯ ಸರಳನ್ನು ಚಕ್ಕಿಗೆ ಕಚ್ಚಿಸಿ 100 ಮಿಲಿಮೀಟರ್ ಉದ್ದಕ್ಕೆ ತೆಳುವಾಗಿ ಕಡೆದು, ಎರಡು ತುದಿಗಳನ್ನೂ ಮೈಕ್ರೋಮೀಟರಿನಿಂದ ಅಳೆಯಬೇಕು. ವ್ಯತ್ಯಾಸ ಕಂಡರೆ ಕಾರಣ ಸವೆತವೇ ಆಗಬೇಕೆಂದಿಲ್ಲ. ಯಂತ್ರವನ್ನು ಮಟ್ಟವಾಗಿ ನಿಲ್ಲಿಸದಿದ್ದರೂ ಹಾಗಾಗುವುದು. ಪರೀಕ್ಷೆಗೆ ಒಪ್ಪದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಬರುವುದೇ ಲೇಸು.

ಜೊತೆಯ ಗೇರುಗಳನ್ನು ಎಣಿಸಿಕೊಳ್ಳುವುದನ್ನು ಮರೆಯಬಾರದು. ಇಂಚಿನ ಲೆಕ್ಕದ ಲೀಡ್‌ಸ್ಕ್ರೂ ಇರುವ ಯಂತ್ರದಲ್ಲಿ ಮಿಲಿಮೀಟರ್ ಮರೆಯನ್ನು ನಿಖರವಾಗಿ ಕೊರೆಯಲು 127 ಹಲ್ಲುಗಳ ಗೇರು ಬೇಕಾಗುವುದು, ಇಂಚೊಂದಕ್ಕೆ 25.4 ಮಿಲಿಮೀಟರಾದುದರಿಂದ ಐದು ಇಂಚಿಗೆ 127 ಆಗುವುದೇ ಇದರ ಕಾರಣ. ಮೂರು ಮತ್ತು ನಾಲ್ಕು ದವಡೆಗಳ ಚಕ್ಕುಗಳು, ಉಳಿಗಳು, ಅಳತೆಯ ಉಪಕರಣಗಳು ಇವೆಲ್ಲ ಸೇರಿದರೆ ಯಂತ್ರದ ಬೆಲೆಗೇ ಸಮನಾಗುವುದೂ ಉಂಟು. ಆದುದರಿಂದ ಕೈಯಲ್ಲಿರುವ ಹಣವನ್ನೆಲ್ಲ ಯಂತ್ರಕ್ಕೇ ಸುರಿಯತಕ್ಕದ್ದಲ್ಲ.

ಪರೀಕ್ಷಿಸಬಲ್ಲ ಅನುಭವಸ್ಥರ ನೆರವು ದೊರೆತು, ನೆಲಮಾಳಿಗೆಯಲ್ಲೋ ಹಿತ್ತಿಲ ಕೊಟ್ಟಿಗೆಯಲ್ಲೋ ಗಟ್ಟಿ ನೆಲವಿದ್ದರೆ ಹಳೆಯದನ್ನು ಕೊಳ್ಳಬಹುದು; ಇಲ್ಲವಾದರೆ ಚಿಕ್ಕದಾದ ಹೊಸದೇ ಕ್ಷೇಮವೆಂಬುದು ನಮ್ಮ ಅಭಿಪ್ರಾಯ. ಯಾವುದನ್ನೇ ತಂದರೂ, ತಿರುಗುವ ಚಕ್ಕಿನ ಬಳಿ ಸೆರಗು, ಉತ್ತರೀಯ, ಬಿಚ್ಚುಗೂದಲು, ಕೈಚೀಲಗಳು ಸುಳಿಯಬಾರದು, ಚಕ್ಕಿನ ಕೀಲಿಯನ್ನು ಅದರಲ್ಲಿಯೇ ಬಿಟ್ಟು ಯಂತ್ರವನ್ನು ಚಾಲೂ ಮಾಡಬಾರದು, ಕಣ್ಣಿಗೆ ಕನ್ನಡಕವಿರಬೇಕು. ಮಕ್ಕಳಿರುವ ಮನೆಯಲ್ಲಿ ಆ ಕೋಣೆಗೊಂದು ಬೀಗವನ್ನು ಯಂತ್ರಕ್ಕಿಂತ ಮೊದಲೇ ಕೊಂಡಿರತಕ್ಕದ್ದು.