ಹಳೆಯ ಕಾರಿನ ನಾಡಿ ಹಿಡಿಯುವವರು

ಆರೋಗ್ಯ ಲೇಖನಗಳ ನಡುವೆ ಹಳೆಯ ಸ್ಪೋರ್ಟ್ಸ್ ಕಾರುಗಳ ದುರಸ್ತಿಯ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಹುದು. ಮಧುಮೇಹ, ರಕ್ತದೊತ್ತಡಗಳನ್ನು ಕುರಿತು ಬರೆಯಲು ನಮ್ಮ ಸಂಘದಲ್ಲಿ ವೈದ್ಯ ಮಹನೀಯರು ಸಾಕಷ್ಟು ಮಂದಿ ಇದ್ದಾರೆ. ನಾನಾದರೋ ಉದ್ಯೋಗನಿಮಿತ್ತ ಕೊಚ್ಚಿಗೆ ಬಂದು ನೆಲೆಸಿ, ಭಾನುವಾರಗಳಲ್ಲಿ ಕೈಗೆ ಗ್ರೀಸು ಬಳಿದುಕೊಳ್ಳುವ ಚಟಕ್ಕೆ ಬಿದ್ದವನು. ಆದರೂ ರೋಗನಿದಾನವೆಂಬ ವಿದ್ಯೆ ಎಂಥದೆಂಬುದನ್ನು ನಾನು ಕಣ್ಣಾರೆ ಕಂಡದ್ದು ತಿರುವನಂತಪುರದ ಹಳೆಯ ಪೇಟೆಯ ಒಂದು ಗ್ಯಾರೇಜಿನಲ್ಲಿ. ಆದುದರಿಂದ ಈ ಪುಟಗಳಲ್ಲಿ ನನಗೂ ಒಂದಿಷ್ಟು ಜಾಗ ಸಲ್ಲುತ್ತದೆಂದು ಭಾವಿಸಿದ್ದೇನೆ.

ಮಿತ್ರರೊಬ್ಬರ ಬಳಿ 1960ರ ದಶಕದ, ಇಬ್ಬರೇ ಕೂಡಬಲ್ಲ, ಮೇಲ್ಹೊದಿಕೆ ಮಡಿಚುವಂಥ ಬ್ರಿಟಿಷ್ ಕಾರೊಂದಿದೆ. ಅರ್ಧ ಗಂಟೆ ಓಡಿದರೆ ಮುಗ್ಗರಿಸಿ ನಿಲ್ಲುವುದು, ಹತ್ತು ನಿಮಿಷ ಸುಮ್ಮನಿದ್ದರೆ ಏನೂ ಆಗಿಲ್ಲವೆಂಬಂತೆ ಹೊರಡುವುದು, ಇದು ಅದರ ವ್ಯಾಧಿ. ನಗರದ ದೊಡ್ಡ ವರ್ಕ್‌ಶಾಪೊಂದರಲ್ಲಿ ಮೊದಲು ಕಾಯಿಲ್ ಬದಲಾಯಿತು, ಬಳಿಕ ಪೆಟ್ರೋಲ್ ಪಂಪು ಬದಲಾಯಿತು, ಕೊನೆಗೆ ಕಾರ್ಬ್ಯುರೇಟರನ್ನೂ ಬಿಚ್ಚಿ ತೊಳೆದದ್ದಾಯಿತು. ಹಣ ಹೋಯಿತು, ವ್ಯಾಧಿ ಉಳಿಯಿತು. ಅದೇ ಸ್ಥಿತಿಯಲ್ಲಿ ಒಂದು ಡಿಸೆಂಬರಿನಲ್ಲಿ ನಾವಿಬ್ಬರೂ ಸುಮಾರು 200 ಕಿ.ಮೀ. ದೂರದ ತಿರುವನಂತಪುರಕ್ಕೆ ಹೊರಟೆವು. ಆಲಪ್ಪುಳ, ಕಾಯಂಕುಳಂ, ಕೊಲ್ಲಂ ಎಂದು ಒಂದೊಂದು ಊರಿನಲ್ಲೂ ನಿಂತು ಚಹಾ ಕುಡಿದೆವು. ಚಹಾದ ಆಸೆಗಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮರುದಿನ ಯಾರೋ ತೋರಿಸಿದ ವೃದ್ಧ ಮೆಕ್ಯಾನಿಕರು ಕಾರಿನ ಬಾನೆಟ್ಟನ್ನು ಮುಟ್ಟಲೇ ಇಲ್ಲ. ಪ್ರಶ್ನೆ ಕೇಳುತ್ತ ಹೋದರು. ತಟ್ಟನೆ ನಿಲ್ಲುತ್ತದೆಯೋ, ತಡವರಿಸಿ ನಿಲ್ಲುತ್ತದೆಯೋ? ಟ್ಯಾಂಕು ತುಂಬಿದ್ದಾಗ ಹೆಚ್ಚೋ, ಬರಿದಾದಾಗ ಹೆಚ್ಚೋ? ದೀಪ ಆರಿಸಿದಂತೆ ತಟ್ಟನೆ ನಿಂತರೆ ದೋಷವನ್ನು ಹೆಚ್ಚಾಗಿ ವಿದ್ಯುತ್ತಿನಲ್ಲಿ ಹುಡುಕಬೇಕು, ತಡವರಿಸಿ ನಿಂತರೆ ಇಂಧನದಲ್ಲಿ ಹುಡುಕಬೇಕು ಎಂಬುದು ಅವರ ಸೂತ್ರ. ಆಮೇಲೆ ಎಂಜಿನನ್ನು ಚಾಲೂ ಮಾಡಿಸಿ, ಅದು ತಾನಾಗಿ ಸಾಯುವವರೆಗೆ ಬೀಡಿ ಸೇದುತ್ತ ಕುಳಿತರು. ಅದು ನಿಂತ ಕ್ಷಣವೇ ಹಿಂದೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಉಸ್ಸೆಂದು ಗಾಳಿ ಒಳನುಗ್ಗಿತು. ಪೆಟ್ರೋಲು ಹೊರಹೋದಂತೆ ಅದರ ಜಾಗಕ್ಕೆ ಗಾಳಿ ಬರಬೇಕು; ಅದಕ್ಕೆಂದು ಮುಚ್ಚಳದಲ್ಲಿ ಸಣ್ಣದೊಂದು ರಂಧ್ರವಿದೆ. ನಮ್ಮ ಮಿತ್ರರು ಪ್ರತಿ ವಾರ ಶ್ರದ್ಧೆಯಿಂದ ಮುಚ್ಚಳವನ್ನು ಉಜ್ಜಿ ಉಜ್ಜಿ, ಪಾಲಿಶು ತುಂಬಿ ಆ ರಂಧ್ರ ಮುಚ್ಚಿಹೋಗಿತ್ತು. ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಪಂಪು ಎಳೆದರೂ ಪೆಟ್ರೋಲು ಬರುತ್ತಿರಲಿಲ್ಲ. ಒಂದು ಸೂಜಿಯಿಂದ ಚಿಕಿತ್ಸೆ ಮುಗಿಯಿತು. ಹಣ ಕೊಡಹೋದರೆ, ಏನನ್ನೂ ಬದಲಿಸಲಿಲ್ಲವಲ್ಲ ಎಂದು ಆ ಹಿರಿಯರು ಕೈ ಅಡ್ಡ ಮಾಡಿದರು.

ನನ್ನ ತಕರಾರು ಇಲ್ಲಿಂದಲೇ ಆರಂಭವಾಗುತ್ತದೆ. ನಮ್ಮಲ್ಲಿ ಬಿಲ್ಲು ಬೀಳುವುದು ಬದಲಿಸಿದ ಭಾಗಕ್ಕೆ. ಯೋಚಿಸಿದ ತಲೆಗೆ ಒಂದು ರೂಪಾಯಿಯೂ ಇಲ್ಲ. ಹೀಗಿರಲು ಯಾವ ತರುಣನು ಯೋಚಿಸುವ ಗೊಡವೆಗೆ ಹೋದಾನು?

ಹಳೆಯ ಕಾರುಗಳ ಬಹುಪಾಲು ಉಪದ್ರವಗಳು ಈ ಬಗೆಯವೇ ಆಗಿವೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ ತಯಾರಾದ ಎಂಜಿಬಿ ಕಾರನ್ನೇ ನೋಡಿರಿ. (ಎರ್ಣಾಕುಲದ ಎಂ.ಜಿ. ರಸ್ತೆಗೂ ಅದಕ್ಕೂ ಸಂಬಂಧವಿಲ್ಲ. ಕಾರಿನದು ಮಾರಿಸ್ ಗ್ಯಾರೇಜಸ್, ರಸ್ತೆಯದು ಮಹಾತ್ಮರದು.) ಅದರ ವಿದ್ಯುತ್ ಪಂಪಿನ ಸಂಪರ್ಕಬಿಂದುಗಳು ಅಂಟಿಕೊಂಡರೆ ಮೆಲ್ಲಗೆ ಒಂದು ತಟ್ಟು ತಟ್ಟಿದರೆ ಟಿಕ್ ಟಿಕ್ಕೆಂದು ಜೀವ ಬರುತ್ತದೆ. 1967ರವರೆಗಿನ ಮಾದರಿಗಳಲ್ಲಿ ಬ್ಯಾಟರಿಯ ಧನಧ್ರುವವೇ ಕಾರಿನ ಒಡಲಿಗೆ ಸೇರಿರುತ್ತದೆ. ಇದನ್ನರಿಯದೆ ಇಂದಿನ ರೂಢಿಯಂತೆ ತಂತಿ ಕೂಡಿಸಿದವರು ರೇಡಿಯೋ ಸುಟ್ಟುಕೊಳ್ಳುತ್ತಾರೆ. ದೀಪ ಮಂಕಾದರೆ ಬಲ್ಬಿಗಿಂತ ಮೊದಲು ಅರ್ತ್ ತಂತಿಯ ತುಕ್ಕನ್ನು ಕೆರೆದು ನೋಡುವುದು ಲೇಸು. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುವ, ಹಿನ್ನೀರಿನ ಉಪ್ಪುಗಾಳಿಯ ಕೊಚ್ಚಿಯಲ್ಲಿ ತುಕ್ಕು ಹಿಡಿಯದ ಅರ್ತ್ ತಂತಿ ಉಂಟೇ? ಬಾಗಿಲ ಕೆಳಗಣ ಪೆಟ್ಟಿಗೆಯಂಥ ತಗಡು ಒಳಗಿನಿಂದಲೇ ಕೊಳೆಯುತ್ತದೆ. ಹೊರಗೆ ಹೊಳೆಯುವ ಬಣ್ಣ ಅದನ್ನು ಬಚ್ಚಿಡುತ್ತದೆ. ಬ್ರೇಕಿನ ದ್ರವವೂ ಗಾಳಿಯ ತೇವವನ್ನು ಹೀರುವುದರಿಂದ, ಕಾರು ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕು.

ಈಗ ಪೆಟ್ರೋಲಿನದೇ ಒಂದು ಹೊಸ ಸಮಸ್ಯೆ. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಎಥನಾಲ್ ನೀರನ್ನು ಸೆಳೆದುಕೊಳ್ಳುತ್ತದೆ; ಆ ಕಾಲದ ರಬ್ಬರ್ ಕೊಳವೆಗಳನ್ನು ಮೆತ್ತಗಾಗಿಸಿ ಬಿರಿಯಿಸುತ್ತದೆ. ಎಂಜಿಬಿಯಲ್ಲಿ ಕಾರ್ಬ್ಯುರೇಟರುಗಳೂ ಕಾದು ಕೆಂಪಾಗುವ ಹೊಗೆಕೊಳವೆಯೂ ಎಂಜಿನಿನ ಒಂದೇ ಮಗ್ಗುಲಲ್ಲಿವೆ. ಅಲ್ಲಿ ಪೆಟ್ರೋಲು ತೊಟ್ಟಿಕ್ಕಿದರೆ ಮುಂದೇನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಎಥನಾಲ್ ತಾಳಬಲ್ಲ ಹೊಸ ಕೊಳವೆಗಳನ್ನು ಹಾಕಿಸುವ ಈ ಒಂದು ವಿಷಯದಲ್ಲಿ ಮಾತ್ರ, ಕೆಡುವ ಮುನ್ನವೇ ಬದಲಿಸಿರೆಂದು ನಾನೂ ಹೇಳುತ್ತೇನೆ.

ಇನ್ನು ಈ ಲೇಖನ ಬರೆಯಲು ನಿಜವಾದ ಕಾರಣ. ಆ ವೃದ್ಧರು ಮಾತಿನ ನಡುವೆ ಕೆಮ್ಮುತ್ತಿದ್ದರು. ಬೀಡಿಯ ಕೆಮ್ಮೆಂದು ಅವರು ನಕ್ಕರು, ಇರಬಹುದು. ಆದರೆ ಪಕ್ಕದಲ್ಲೇ ಹುಡುಗನೊಬ್ಬ ಇನ್ನೊಂದು ಹಳೆಯ ಗಾಡಿಯ ಹಿಂಗಾಲಿಯ ಬ್ರೇಕ್ ಡ್ರಮ್ಮು ಬಿಚ್ಚಿ, ಒಳಗಿನ ಬೂದು ಧೂಳನ್ನು ಏರ್ ಕಂಪ್ರೆಸರಿನಿಂದ ಊದುತ್ತಿದ್ದುದನ್ನು ನಾನು ಕಂಡೆ. ಮೂಗಿಗೆ ಕರವಸ್ತ್ರವೂ ಇರಲಿಲ್ಲ. ಆ ಕಾಲದ ಬ್ರೇಕ್ ಲೈನಿಂಗ್‌ಗಳಲ್ಲಿ, ಕ್ಲಚ್ ಪ್ಲೇಟುಗಳಲ್ಲಿ ಸಾಮಾನ್ಯವಾಗಿ ಕಲ್ನಾರು, ಎಂದರೆ ಆಸ್ಬೆಸ್ಟಾಸ್, ಇರುತ್ತಿತ್ತು. ಅದರ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶವನ್ನು ಹೊಕ್ಕರೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ಬಳಿಕ ಅರ್ಬುದರೋಗವಾಗಿ ತಲೆಯೆತ್ತಬಹುದು. ಬ್ರಿಟನ್ 1999ರಲ್ಲೇ ಅದನ್ನು ಸಂಪೂರ್ಣವಾಗಿ ನಿಷೇಧಿಸಿತು. ನಮ್ಮ ದೇಶದಲ್ಲಿ ಬಿಳಿ ಕಲ್ನಾರಿನ ಬಳಕೆಗೆ ಅಂಥ ಸಂಪೂರ್ಣ ನಿಷೇಧವಿಲ್ಲ.

ಇದಕ್ಕೆ ಬೇಕಾದ ಉಪಾಯ ಒಂದು ಬಕೆಟ್ ಸಾಬೂನು ನೀರು. ಧೂಳನ್ನು ಊದಬಾರದು, ಒಣ ಬ್ರಷ್ಷಿನಿಂದ ಗುಡಿಸಬಾರದು. ಚೆನ್ನಾಗಿ ತೋಯಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಕರವಸ್ತ್ರ ಈ ಎಳೆಗಳನ್ನು ತಡೆಯದು. ಸೂಕ್ಷ್ಮ ಕಣಗಳಿಗೆಂದೇ ಮಾಡಿದ, ಮುಖಕ್ಕೆ ಬಿಗಿಯಾಗಿ ಕೂಡುವ ಶೋಧಕ ಮುಖಕವಚ ಬೇಕು. ಕೆಲಸದ ಉಡುಪನ್ನು ಮನೆಯ ಮಕ್ಕಳ ಬಟ್ಟೆಯೊಡನೆ ಒಗೆಯಬಾರದು. ಹೊಸದಾಗಿ ಹಾಕಿಸುವ ಲೈನಿಂಗು ಕಲ್ನಾರಿಲ್ಲದ್ದೇ ಆಗಿರಲಿ.

50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ ಪ್ರತ್ಯೇಕ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂದಿತು. ಹೊಸ ನೋಂದಣಿಗೆ 20,000 ರೂ. ಶುಲ್ಕ ಗೊತ್ತುಪಡಿಸಿದರು. ಸಂತೋಷ. ತಿರುವನಂತಪುರದವರು ಉತ್ರಾಡಂ ತಿರುನಾಳ್ ಮಾರ್ತಾಂಡವರ್ಮರ ಹಳೆಯ ಮರ್ಸಿಡಿಸ್-ಬೆಂಝ್ ಕಾರನ್ನು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ಅದು ಸ್ಪೋರ್ಟ್ಸ್ ಕಾರಲ್ಲ, ನಿಜ, ಆದರೆ ಸಿ.ಎ.ಎನ್. 42 ಎಂಬ ಅದರ ಸಂಖ್ಯೆ ನಮ್ಮ ಕರ್ನಾಟಕದ್ದೆಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ಮಾತಲ್ಲವೇ? ಕಾರಿನ ಆಯುಷ್ಯದ ಬಗೆಗೆ ನಮಗೆ ಇಷ್ಟೆಲ್ಲ ಕಾಳಜಿ. ಬಣ್ಣಕ್ಕೂ ಚರ್ಮದ ಆಸನಕ್ಕೂ ಲಕ್ಷಗಟ್ಟಲೆ ಸುರಿಯುವ ಮಾಲೀಕರು ದುರಸ್ತಿಗೆ ಬಿಡುವಾಗ ಮುಖಕವಚವೊಂದನ್ನು ಕೈಯಾರೆ ಒಯ್ದು ಕೊಡಲಾರರೇ? ನಿದಾನ ಮಾಡಿದ್ದಕ್ಕೆಂದು ಬೇರೆಯಾಗಿ ಹಣ ಕೊಡಲಾರರೇ?

ನಮ್ಮ ಮಿತ್ರರು ಹಿಂದಿನ ತಿಂಗಳು ಬ್ರೇಕ್ ಕೆಲಸಕ್ಕೆ ಮತ್ತೆ ತಿರುವನಂತಪುರಕ್ಕೆ ಹೋಗಿದ್ದರು. ಎರಡು ಮುಖಕವಚ ಒಯ್ದರು. ವೃದ್ಧರು ತಮ್ಮದನ್ನು ಮೊಳೆಗೆ ತೂಗುಹಾಕಿದರಂತೆ. ಹುಡುಗ ಮಾತ್ರ ಆ ಹೊತ್ತೇ ಹಾಕಿಕೊಂಡನಂತೆ. ಕಾರು ದಾರಿಯಲ್ಲಿ ಎಲ್ಲಿಯೂ ನಿಲ್ಲಲಿಲ್ಲ.