ಅಪ್ಪನಿಗೂ ಕ್ಲಾಸ್‌ಮೇಟ್ ಬೇಕು

(1/3)

ಫೋಟೊದಲ್ಲಿರೋದು ಜೇನುಪೆಟ್ಟಿಗೆ. ಸಂತೆಗುಳಿಯ ನಮ್ಮ ಮನೆ ಹಿಂದಿನ ಅಡಿಕೆ ತೋಟದ್ದು. ಪೆಟ್ಟಿಗೆ ಪಕ್ಕ ಅರ್ಧ ಕಾಣ್ತಿರೋ ಕೈ ಅಪ್ಪಂದು. ಬರೀಲಾ ಅಂತ ಕೇಳಿದೆ. "ಬರಿ, ಮುಖ ಹಾಕ್ಬೇಡ" ಅಂದ್ರು. ಹಾಕಿಲ್ಲ.

ಬಿಕಾಂ ಓದೋರಿಗೆ ಇದು ಬೇಗ ಅರ್ಥ ಆಗತ್ತೆ. ಅಪ್ಪ 22 ವರ್ಷ ಕುಮಟಾದ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆದವರು. ರೋಜುಪುಸ್ತಕ, ಖಾತೆಪುಸ್ತಕ, ಎಲ್ಲ ಕೈಬರಹ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ರಿಟರ್ನ್ ಕೆಲಸ ಹೊರಗಿನ ಕನ್ಸಲ್ಟೆಂಟ್ ಹತ್ರ ಹೋಯ್ತು. ಆಮೇಲೆ ಟ್ಯಾಲಿ ಗೊತ್ತಿರೋ ಹುಡುಗ ಒಬ್ಬ ಬಂದ. ಅಪ್ಪನ ಮೇಜಿನ ಮೇಲಿದ್ದ ಪುಸ್ತಕ ಒಂದೊಂದಾಗಿ ಕಡಿಮೆಯಾದ್ವು. ಹೋದ ವರ್ಷ ಒಂದು ಶನಿವಾರ, "ಸೋಮವಾರದಿಂದ ಬರೋದು ಬೇಡ" ಅಂದ್ರಂತೆ. ಆಗ ಅಪ್ಪನಿಗೆ 47.

"ಅಂದ್ರಂತೆ" ಅಂತ ಯಾಕೆ ಬರೆದೆ ಗೊತ್ತಾ? ನಮಗೆ ಗೊತ್ತಾಗಿದ್ದೇ ಎರಡು ತಿಂಗಳ ಮೇಲೆ. ಅಲ್ಲಿವರೆಗೂ ಅಪ್ಪ ದಿನಾ ಅದೇ ಬಸ್ಸಿಗೆ, ಅದೇ ಬುತ್ತಿ ಹಿಡ್ಕೊಂಡು ಕುಮಟಾಕ್ಕೆ ಹೋಗ್ತಿದ್ರು.

ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ಊಟ ಮಾಡ್ತಿರೋದನ್ನ ನೋಡ್ದೆ. ನನ್ನ ಜೊತೆ ನಾಲ್ಕು ಜನ ಇದ್ರು, ಅವರಲ್ಲಿ ಇಬ್ಬರು ಇದನ್ನ ಈಗ ಓದ್ತಾ ಇದಾರೆ. ನಾನು ಮಾತಾಡಿಸಲಿಲ್ಲ. ಆಚೆ ಬದಿಗೆ ತಿರುಗಿ, ಐಸ್‌ಕ್ರೀಮ್ ತಿನ್ನೋಣ ಬನ್ನಿ ಅಂದೆ. ಅಪ್ಪ ನನ್ನ ನೋಡಿದ್ರಾ ಇಲ್ವಾ, ಇವತ್ತಿಗೂ ಕೇಳಿಲ್ಲ.

(2/3)

ವಿಷಯ ಗೊತ್ತಾದ ಮೇಲೆ ನಾನು ಮಾಡಿದ ಮೊದಲ ಕೆಲಸ, ಅಪ್ಪನಿಗೆ ಟ್ಯಾಲಿ ಕಲಿಸೋಕೆ ಕೂತಿದ್ದು. ನಾಲ್ಕೇ ದಿನ. ಮೌಸ್ ಹಿಡಿಯೋವಾಗ ನಾನು "ಅಯ್ಯೋ ಅಲ್ಲಲ್ಲ, ಇಲ್ಲಿ" ಅಂತಿದ್ದೆ, ಅಪ್ಪ ಸುಮ್ಮನಾಗ್ತಿದ್ರು. ಐದನೇ ದಿನ "ನೀ ಓದ್ಕೊ, ನಂಗೆ ಎಂತಕ್ಕೆ" ಅಂದ್ರು. ಇದೇ ಮನುಷ್ಯ ನನ್ನ ಅಸೈನ್‌ಮೆಂಟಿನ ಟ್ರಯಲ್ ಬ್ಯಾಲೆನ್ಸ್ ಎಲ್ಲಿ ತಪ್ಪಿದೆ ಅಂತ ಚಾ ಕುಡಿಯೋ ಅಷ್ಟರಲ್ಲಿ ಹೇಳಿದವರು! ದಡ್ಡರಲ್ಲ. ಮಕ್ಕಳ ಎದುರು ಗೊತ್ತಿಲ್ಲ ಅನ್ನೋದು ಕಷ್ಟ, ಅಷ್ಟೇ.

ಆಮೇಲೆ ಕೋರ್ಸ್ ಹುಡುಕಿದೆ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟಿ ಶುರುವಾಯ್ತು. ಅದೇ ಮಾದರಿಯಲ್ಲಿ ಈಗ ದೇಶದ ತುಂಬ ಗ್ರಾಮೀಣ ಸ್ವಉದ್ಯೋಗ ತರಬೇತಿ ಕೇಂದ್ರಗಳಿವೆ, ನಮ್ಮ ಜಿಲ್ಲೆಯಲ್ಲೂ ಇವೆ. ಊಟ, ವಸತಿ, ತರಬೇತಿ ಎಲ್ಲ ಉಚಿತ. ತುಂಬಾ ಒಳ್ಳೆ ವ್ಯವಸ್ಥೆ, ನಿಮ್ಮಲ್ಲಿ ಯಾರಿಗಾದ್ರೂ ಬೇಕಾದ್ರೆ ಖಂಡಿತ ಹೋಗಿ. ಆದ್ರೆ ಬಹಳ ವರ್ಷ ಅಲ್ಲಿ ವಯಸ್ಸಿನ ಮಿತಿ 18ರಿಂದ 45 ಅಂತಲೇ ಇತ್ತು. ಅದನ್ನ ಓದಿ ಅಪ್ಪ ಫೋನ್ ವಾಪಸ್ ಕೊಟ್ರು. 45 ಆದ್ಮೇಲೆ ಕೆಲಸ ಹೋಗೋದೇ ಇಲ್ಲ ಅಂತ ಯಾರು ತೀರ್ಮಾನ ಮಾಡಿದ್ದು?

ನನ್ನ ಅಭಿಪ್ರಾಯ ಕೇಳಿ. ಕೋರ್ಸ್, ಸಾಲ, ಸಬ್ಸಿಡಿಗಿಂತ ಮೊದಲು ಈ ವಯಸ್ಸಿನವರಿಗೆ ಬೇಕಾಗಿರೋದು ತಮ್ಮಂಥ ಇನ್ನೊಬ್ಬರು. ನಮಗೆ ಒಂದು ಪೇಪರ್ ಹೋದ್ರೆ ರಾತ್ರಿಯೊಳಗೆ ಗ್ರೂಪಿನಲ್ಲಿ ಹತ್ತು ಜನ "ನಂದೂ ಹೋಯ್ತು ಮಾರಾಯ" ಅಂತಾರೆ. ನೋಟ್ಸ್ ಕೊಡೋಕೆ ಸೀನಿಯರ್ ಇದಾರೆ, ಪ್ಲೇಸ್‌ಮೆಂಟ್ ಸೆಲ್ ಇದೆ. ಅಪ್ಪಂಗೆ ಯಾರಿದ್ರು? ಅಪ್ಪನ ಗೆಳೆಯರೆಲ್ಲ ಅಂಗಡಿಯವರು, ಅಂಗಡಿಗೆ ಬರೋರು. ಕೆಲಸದ ಜೊತೆ ಅವರೂ ಹೋದ್ರು. ಊರಲ್ಲಿ ಎದುರಿಗೆ ಸಿಕ್ಕೋರು ಕೇಳೋದು ಒಂದೇ, "ಈಗ ಎಂತ ಮಾಡ್ತೆ?"

ಅಮ್ಮನ್ನ ನೋಡಿ. ಸಂಘ ಅಂತ ಇದೆ, ವಾರಕ್ಕೊಂದು ಸಲ ಕೂರ್ತಾರೆ. ಬ್ಯಾಂಕುಗಳು ಸ್ವಸಹಾಯ ಸಂಘಕ್ಕೆ ಸಾಲ ಕೊಡೋ ನಬಾರ್ಡ್ ಪ್ರಯೋಗ 1992ರಲ್ಲಿ 500 ಗುಂಪುಗಳ ಗುರಿ ಇಟ್ಟು ಶುರುವಾಯ್ತು ಅಂತ ನಮ್ಮ ಬ್ಯಾಂಕಿಂಗ್ ಪೇಪರಿಗೆ ಓದಿದ್ದೇವೆ, ನೆನಪಿದೆಯಾ? ಅಲ್ಲಿ ಬರೀ ಉಳಿತಾಯ, ಬಡ್ಡಿ ಅಂತ ಇತ್ತು. ಅಪ್ಪನ ಕೆಲಸ ಹೋಗಿದ್ದನ್ನ ಅಮ್ಮ ಮೊದಲು ಹೇಳಿದ್ದು ಆ ಸಂಘದಲ್ಲೇ. ಅತ್ತಿದ್ದೂ ಅಲ್ಲೇ. ಯಾವ ಟೆಕ್ಸ್ಟ್‌ಬುಕ್ಕಲ್ಲೂ ಇದು ಇಲ್ಲ. ಗಂಡಸರಿಗೆ ಗುಂಪೇ ಇಲ್ಲ ಅಂತಲ್ಲ. ಧರ್ಮಸ್ಥಳ ಯೋಜನೆಯ ಪ್ರಗತಿಬಂಧು ಗುಂಪಿನವರು ಸರದಿ ಮೇಲೆ ಒಬ್ಬರ ಜಮೀನಲ್ಲಿ ಇನ್ನೊಬ್ಬರು ದುಡೀತಾರೆ, ಹಳೇ ಮುಯ್ಯಾಳಿನ ಹಾಗೆ. ಆದ್ರೆ ಅದು ಇರೋ ಕೆಲಸಕ್ಕೆ. ಕೆಲಸ ಬಿಟ್ಟುಹೋದವರು ಎಲ್ಲಿ ಕೂರ್ಬೇಕು?

ಕೇರಳದವರು 1996ರಲ್ಲೇ ಹೊರದೇಶದಲ್ಲಿರೋ ತಮ್ಮವರಿಗೆ ಅಂತ ನೋರ್ಕಾ ಇಲಾಖೆ ಮಾಡಿದ್ರು, ವಾಪಸ್ ಬಂದವರು ಏನಾದ್ರೂ ಶುರು ಮಾಡೋಕೆ ಅಲ್ಲಿ ಯೋಜನೆ ಇದೆ. ಭಟ್ಕಳ, ಹೊನ್ನಾವರ, ಕುಮಟಾದಿಂದ ಎಷ್ಟು ಜನ ಗಲ್ಫಿಗೆ, ಮುಂಬೈಗೆ, ಗೋವಾಕ್ಕೆ ಹೋದ್ರು. ವಾಪಸ್ ಬಂದವರು ಬಂದಿದ್ದಾರೆ ಅಂತ ಪಕ್ಕದ ಮನೆಗೂ ತಡವಾಗಿ ಗೊತ್ತಾಗತ್ತೆ.

(3/3)

ಹಾಗಾದ್ರೆ ಜೇನು ಎಲ್ಲಿಂದ ಬಂತು? ಕ್ಲಾಸಿನಲ್ಲಿ ಒಬ್ಬಳಿಗೆ ಈ ವಿಷಯ ಹೇಳಿದೆ, ಹೇಳೋಕೆ ಒಂದು ತಿಂಗಳು ಬೇಕಾಯ್ತು. ಅವಳು ತಕ್ಷಣ "ನಮ್ಮಪ್ಪನೂ ಹಾಗೇ" ಅಂದ್ಲು. ಹೊನ್ನಾವರ ಕಡೆಯವರು, 16 ವರ್ಷ ಮಸ್ಕತ್‌ನಲ್ಲಿ ಡ್ರೈವರ್ ಆಗಿದ್ದು ವಾಪಸ್ ಬಂದವರು, ಈಗ 51, ಎರಡು ವರ್ಷದಿಂದ ಜೇನು ಸಾಕ್ತಿದ್ದಾರೆ. ಮೂರು ವರ್ಷ ಒಂದೇ ಬೆಂಚಲ್ಲಿ ಕೂತ ನಾವಿಬ್ಬರೂ ಒಂದೇ ಗುಟ್ಟು ಇಟ್ಕೊಂಡಿದ್ವಿ.

ಇಬ್ಬರು ಅಪ್ಪಂದಿರನ್ನ ಚಂದಾವರದ ಹೋಟೆಲಲ್ಲಿ ಕೂರಿಸಿದ್ವಿ. ಮೊದಲ ಹದಿನೈದು ನಿಮಿಷ ಮಳೆ ಬಗ್ಗೆ, ಅಡಿಕೆ ರೇಟ್ ಬಗ್ಗೆ. ನಾವು ಬಿಲ್ ಕೊಡೋ ನೆಪದಲ್ಲಿ ಎದ್ದು ಹೋದ್ವಿ. ವಾಪಸ್ ಬರೋವಾಗ ಅಪ್ಪ ಬಸ್ ಸ್ಟ್ಯಾಂಡಿನ ಬೆಂಚಿನ ಕತೆ ಹೇಳ್ತಾ ಇದ್ರು. ನಗ್ತಾ ಹೇಳ್ತಿದ್ರು! ನಮ್ಮ ಹತ್ರ ಯಾವತ್ತೂ ಹೇಳದೇ ಇದ್ದಿದ್ದು.

ಅದಾದ ಮೇಲೆ ರಾತ್ರಿ ಎಂಟೂವರೆಗೆ ಫೋನ್ ಬರತ್ತೆ. ಅಪ್ಪ ಅಮ್ಮನ ಬಳೆ ಅಡ ಇಟ್ಟು 20 ಪೆಟ್ಟಿಗೆ ತರೋಕೆ ಹೊರಟಿದ್ರು. ಬೇಡ ಅಂದಿದ್ದು ಅವರೇ. "ಎರಡು ಇಟ್ಟು ಒಂದು ಮಳೆಗಾಲ ದಾಟ್ಸಿ ನೋಡಿ. ಮಳೆಯಲ್ಲಿ ಹೂವಿಲ್ಲ, ಸಕ್ಕರೆ ಪಾಕ ಕೊಡದಿದ್ರೆ ಕುಟುಂಬವೇ ಬಿಟ್ಟುಹೋಗತ್ತೆ" ಅಂದ್ರು. ನಾನು ಹೇಳಿದ್ರೆ ಅಪ್ಪ ಕೇಳ್ತಿದ್ರಾ? ಬ್ಯಾಂಕಿನವರು ಹೇಳ್ತಿದ್ರಾ? 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನಿನ ಬಹುಪಾಲು ನಾಶ ಆಗಿತ್ತು. ಆ ಕಾಲದಲ್ಲಿ ಪೆಟ್ಟಿಗೆ ಖಾಲಿ ಆಗಿ ಮತ್ತೆ ಸೊನ್ನೆಯಿಂದ ಶುರು ಮಾಡಿದ ಒಬ್ಬ ಅಜ್ಜನ ಹತ್ರ ಅಪ್ಪನ್ನ ಕರ್ಕೊಂಡು ಹೋಗಿದ್ದೂ ಅವರೇ.

"ಜೊತೆಗಾರ ಸಿಕ್ಕರೆ ಹೊಟ್ಟೆ ತುಂಬತ್ತಾ?" ಅಂತ ನನ್ನ ಫ್ರೆಂಡ್ ಒಬ್ಬ ಕೇಳಿದ. ಇಲ್ಲ. ಎರಡು ಪೆಟ್ಟಿಗೆ ಜೇನಿಂದ ನನ್ನ ಸೆಮಿಸ್ಟರ್ ಫೀಸೂ ಹುಟ್ಟಲ್ಲ. ಮನೆ ಈಗ ನಡೀತಿರೋದು ಅಮ್ಮನ ಹೊಲಿಗೆಯಿಂದ, ಅಪ್ಪ ನಾಲ್ಕು ಸಂಘಗಳ ಲೆಕ್ಕ ಬರೆಯೋದ್ರಿಂದ. ಹೌದು, ಕೈಬರಹದಲ್ಲೇ. ಆ ಕೆಲಸ ಕೇಳೋಕೆ ಹೋಗೋ ಧೈರ್ಯ ಎಲ್ಲಿಂದ ಬಂತು ಅನ್ನೋದು ನನಗೆ ಗೊತ್ತು.

ನಿಮ್ಮ ಮನೆಯಲ್ಲೂ ಹೀಗೆ ಒಬ್ಬರು ಇದ್ರೆ, ದಯವಿಟ್ಟು ಅವರಿಗೆ ಮೋಟಿವೇಷನ್ ರೀಲ್ ಕಳಿಸ್ಬೇಡಿ. ನಂಗೆ ಮೆಸೇಜ್ ಮಾಡಿ, ಊರು ಮತ್ತು ವಯಸ್ಸು ಸಾಕು, ಹೆಸರು ಬೇಡ. ಭಾನುವಾರ ಹತ್ತೂವರೆಗೆ ಚಂದಾವರದಲ್ಲಿ ಈಗ ಐದು ಜನ ಕೂರ್ತಾರೆ. ಭಟ್ಕಳದ ಒಬ್ಬರು ಕೇಳಿದ್ದಾರೆ, ಅಷ್ಟು ದೂರ ಪ್ರತಿ ವಾರ ಬರೋದು ಕಷ್ಟ. ಆ ಕಡೆಯವರು ಇನ್ನೊಬ್ಬರು ಸಿಕ್ಕರೆ ಅಲ್ಲೇ ಒಂದು ಚಾ ಅಂಗಡಿ ನೋಡ್ಬಹುದು.