‘ಕಡಲಿನ ಮುನಿಸು’ ಅಂತೆ!

ಪತ್ರಕರ್ತ ಗೆಳೆಯರೇ, ಪ್ರತಿ ಮಳೆಗಾಲ ಉಳ್ಳಾಲದ ಅದೇ ಫೋಟೊ ಹಾಕ್ತೀರಿ: ಬುಡ ಕಳಚಿದ ತೆಂಗಿನಮರ, ಕೊಡೆ ಕೆಳಗೆ ಮಂತ್ರಿ. ಶೀರ್ಷಿಕೆ ‘ಕಡಲಿನ ಮುನಿಸು’.

ಮುನಿಸಲ್ಲ ಸ್ವಾಮಿ. ಭೂಮಿ ಬಿಸಿಯಾಗಿ ಸಮುದ್ರ ಏರ್ತಿರೋದು ಒಂದು; ಅಳಿವೆಬಾಗಿಲಲ್ಲಿ ಕಟ್ಟಿದ ಗೋಡೆ ಮರಳಿನ ಹಾದಿ ತಪ್ಪಿಸೋದು ಇನ್ನೊಂದು. ಎರಡನ್ನೂ ಬೇರೆಬೇರೆ ತೂಗಿ. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದೀಚಿನ ತೀರ ಬದಲಾವಣೆಯ ನಕ್ಷೆ ಮಾಡಿದೆ, ನೋಡಿ. ಕಡಲಿಗೆ ಸುರಿದ ಕಲ್ಲಿನ ಬಿಲ್ಲು ಕೇಳೋಕೆ 10 ರೂಪಾಯಿಯ ಆರ್‌ಟಿಐ ಅರ್ಜಿ ಸಾಕು.

ನಾನು ಗುಮಾಸ್ತ. ಹಕ್ಕುಪತ್ರ ಇಲ್ಲದವನ ಮನೆ ಕೊಚ್ಚಿಹೋದ್ರೂ ಫೈಲಲ್ಲಿ ಹೋಗಿರಲ್ಲ. ಪರಿಹಾರದ ಪಟ್ಟಿಯಲ್ಲಿ ಯಾರಿಲ್ಲ, ಯಾವ ಜಾತಿಯವರು, ಬಾಡಿಗೆಗಿದ್ದವರು ಎಲ್ಲಿಗೆ ಹೋದ್ರು, ಕೇಳಿದ್ದೀರಾ? ನಮ್ಮ ಕೆಂಗೇರಿ ಕಡೆ ವೃಷಭಾವತಿ ಉಕ್ಕಿದಾಗಲೂ ನಿಮಗೆ ಕಂಡಿದ್ದು ಮೈಸೂರು ರಸ್ತೆ ಟ್ರಾಫಿಕ್ಕೇ, ಗುಡಿಸಲಲ್ಲ.

ಮಂತ್ರಿ ವಾಪಸಾದ ಮೇಲೆ, ಮಳೆ ನಿಂತಾಗ, ಆ ಪಟ್ಟಿ ಹಿಡ್ಕೊಂಡು ಒಂದ್ಸಲ ಮನೆಮನೆಗೆ ಹೋಗಿ.